ಹತ್ತಿ ಪೇಟೆಯ ನಡುವೆ ಏಳು ಬದಿಯ ರಂಗಮಂದಿರ

ಕ್ಯಾಮೆರಾ ಹಿಡಿದು ಬಂದಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್‌ಗೆ, ಹಿಂದಿನ ಹತ್ತಿ ಪೇಟೆಗೆ. ಅಲ್ಲಿ ಮೇಲೆ ಕಾಣುವ ಫಲಕ ನೋಡಿ. ಅದರಲ್ಲಿರುವುದು ಪೇಟೆಯ ಧಾರಣೆ. ಇಲ್ಲಿ ಹತ್ತಿಯ ವಹಿವಾಟು ನಿಂತದ್ದು 1968ರಲ್ಲಿ. ಕೊನೆಯ ದಿನದ ದರಗಳನ್ನು ಯಾರೂ ಇಳಿಸಿಲ್ಲ. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬರ ಬಂದಾಗ, ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಲು ಹವಣಿಸಿದವರು ಈ ಊರಿನ ವ್ಯಾಪಾರಿಗಳು. ಅದು ನೆನಪಿದ್ದುದರಿಂದ ಫಲಕದ ಮುಂದೆ ಸ್ವಲ್ಪ ಹೊತ್ತು ನಿಂತೆ.

ಈಗ ಹಜಾರದ ನಡುವೆ ಬನ್ನಿ. ಉಕ್ಕು ಮತ್ತು ಗಾಜಿನ ಏಳು ಬದಿಯ ಈ ರಂಗಮಂದಿರ ಆರಂಭವಾದದ್ದು 1976ರಲ್ಲಿ. ಇಷ್ಟು ಭಾರವನ್ನು ಹಳೆಯ ನೆಲ ತಾಳದು ಎಂದು, ಗುಮ್ಮಟ ಹೊತ್ತ ನಾಲ್ಕು ಕಂಬಗಳಿಗೇ ತೂಗುಹಾಕಿದ್ದಾರೆ. 1996ರ ಬಾಂಬ್ ಸ್ಫೋಟದಲ್ಲಿ ಕಟ್ಟಡ ಜಖಂಗೊಂಡು, 1998ರಲ್ಲಿ ಮತ್ತೆ ತೆರೆಯಿತು.

ಇಲ್ಲಿ ಒಂದು ನಾಟಕವನ್ನೂ ನೋಡಿದೆ; ಆ ಹೊತ್ತಿಗೆ ಕ್ಯಾಮೆರಾ ಚೀಲದೊಳಗೆ. ಹಾಗಾಗಿ ಇನ್ನು ಬರೀ ಮಾತು.

ರಂಗದ ಸುತ್ತ ಮೂರು ಅಂತಸ್ತುಗಳಲ್ಲಿ ಸುಮಾರು 700 ಆಸನಗಳು. ಪರದೆಯಿಲ್ಲ, ಪಕ್ಕದ ಮರೆಯಿಲ್ಲ. ಗೋಡೆಯೊಂದನ್ನು ನಿಲ್ಲಿಸಿದರೂ ಯಾರಿಗೋ ನೋಟ ತಪ್ಪುತ್ತದೆ; ಹಾಗಾಗಿ ಒಂದು ಮೇಜು, ಎರಡು ಕುರ್ಚಿ, ಅಷ್ಟೇ. ನಮ್ಮ ಬಯಲಾಟಕ್ಕೆ ಮೂರು ಕಡೆ ಜನ. ಇಲ್ಲಿ ನಟನಿಗೆ ಬೆನ್ನು ಕೊಡಲು ಒಂದು ದಿಕ್ಕೂ ಉಳಿದಿಲ್ಲ.

ಮುಖ ಕಾಣದಿದ್ದರೆ ಅಭಿನಯವೇ ತಪ್ಪಿಹೋಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ತಾಯಿ ಮಗಳ ಜಗಳದ ದೃಶ್ಯ. ತಾಯಿಯ ಪಾತ್ರಧಾರಿ ನನಗೆ ಬೆನ್ನು ಮಾಡಿ ಕುಳಿತಿದ್ದರು. ಮಗಳು "ನಾನು ಹೊರಟೆ" ಎಂದಾಗ ಅವರ ಹೆಗಲು ಒಂದು ಗೇಣು ಕುಸಿಯಿತು; ಕುರ್ಚಿಯ ಅಂಚನ್ನು ಹಿಡಿದ ಬೆರಳುಗಳು ಬೆಳ್ಳಗಾದವು. ಅವರ ಮುಖದಲ್ಲಿ ಏನಾಗುತ್ತಿತ್ತು ಎಂಬುದನ್ನು ಎದುರು ಸಾಲಿನವರ ಮುಖದಲ್ಲಿ ಓದಿಕೊಂಡೆ. ಒಬ್ಬ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಿತ್ರಚೌಕಟ್ಟಿನಂಥ ರಂಗದ ಮುಂದೆ ಕುಳಿತಾಗ ನನಗೆ ಕಾಣುವುದು ಮುಂದಿನವರ ತಲೆ ಮಾತ್ರ.

ಹೊಸ ನಾಟಕಗಳಿಗೆ ಈ ರಂಗ ಹೇಳಿ ಮಾಡಿಸಿದ ಜಾಗ. 2005ರಿಂದ ಇಲ್ಲಿ ಬ್ರಂಟ್‌ವುಡ್ ನಾಟಕರಚನಾ ಸ್ಪರ್ಧೆಯೂ ನಡೆಯುತ್ತಿದೆ. ಬರೆದವರ ಹೆಸರು ಮರೆಮಾಡಿ ಹಸ್ತಪ್ರತಿಯನ್ನು ಓದುತ್ತಾರೆ, ಇದು ನನಗೆ ತುಂಬ ಹಿಡಿಸಿತು.

ನೀವು ಬಂದರೆ ಯಾವ ದಿಕ್ಕಿನ ಆಸನ ಎಂದು ತಲೆ ಕೆಡಿಸಿಕೊಳ್ಳಬೇಡಿ. ನೆಲದ ಸಾಲಿನಲ್ಲಿ ಜಾಗ ಸಿಕ್ಕರೆ ಮಾತ್ರ ಬಿಡಬೇಡಿ. ಆದರೆ ಕಾಲು ಚಾಚಬೇಡಿ, ನಟರು ಓಡಾಡುವುದು ಅಲ್ಲಿಯೇ.