ಒಡೆಯುವ ಮುಂಚಿನ ಟಿಕ್ ಟಿಕ್

ಕೇಳುಗರಿಗೆ ನಮಸ್ಕಾರ.

ನಮ್ಮ ಬೆಂಗಳೂರಲ್ಲಿ ದೊಡ್ಡ ಕಟ್ಟಡಕ್ಕೆ ಮೋಲ್ಡಿಂಗ್ ಹಾಕುವಾಗ ಅದೇ ಕಾಂಕ್ರೀಟಿನಲ್ಲಿ ಒಂದಷ್ಟು ಕ್ಯೂಬ್ ಎರೆದಿಡುತ್ತಾರೆ, ನೋಡಿರಬಹುದು. ಒಂದೊಂದು ಬದಿ 150 ಮಿಲಿಮೀಟರ್. 28 ದಿನ ಆದಮೇಲೆ ಲ್ಯಾಬಿನಲ್ಲಿ ಒತ್ತಿ ಒಡೆಯುತ್ತಾರೆ. ನಾನು ಒಮ್ಮೆ ಪಕ್ಕದಲ್ಲೇ ನಿಂತು ನೋಡಿದೆ. ಮುಳ್ಳು ಏರುತ್ತಲೇ ಇತ್ತು, ಕ್ಯೂಬಿಗೆ ಏನೂ ಆದಹಾಗೆ ಕಾಣಲಿಲ್ಲ. ಆದರೆ ಅದರ ಮೈಗೆ ಗ್ರೀಸ್ ಹಚ್ಚಿ ಅಂಟಿಸಿದ್ದ ಗುಂಡಿ ಗಾತ್ರದ ಸೆನ್ಸರ್ ಆಗಲೇ ಒಂದು, ಎರಡು, ಹತ್ತು ಎಂದು ಸದ್ದು ಎಣಿಸುತ್ತಿತ್ತು.

ಒಳಗೆ ಸಣ್ಣ ಬಿರುಕು ಬಿಟ್ಟಾಗಲೆಲ್ಲ ಒಂದು ಅಲೆ ಹೊರಡುತ್ತದೆ. ನಮ್ಮ ಕಿವಿ 20 ಕಿಲೋಹರ್ಟ್ಸ್‌ಗೇ ನಿಂತುಬಿಡುತ್ತದೆ, ಈ ಸದ್ದು ಹೆಚ್ಚಾಗಿ ಅದಕ್ಕೂ ಮೇಲೆ. ತೊಂದರೆ ಏನಂದ್ರೆ, ಸದ್ದು ಸಿಗುತ್ತದೆ, ಬಿರುಕು ಕಾಣುವುದಿಲ್ಲ. ಯಾವ ಬಿರುಕಿಗೆ ಯಾವ ಸದ್ದು?

ಅದಕ್ಕೇ ಕಂಪ್ಯೂಟರ್‌ನಲ್ಲಿ ಒಂದು ಕಲ್ಲು ಕಟ್ಟುತ್ತೇವೆ. ಸಾವಿರಾರು ಗುಂಡುಗಳು, ರವೆ ಉಂಡೆಯಲ್ಲಿ ರವೆ ಹಿಡಿದುಕೊಂಡ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಂಡಲ್ ಮತ್ತು ಸ್ಟ್ರಾಕ್ ಅನ್ನುವ ಇಬ್ಬರು ಸಂಶೋಧಕರು 1979ರಲ್ಲಿ ಬಿಡಿ ಕಾಳುಗಳಿಗೆ ಅಂತ ಕೊಟ್ಟ ಲೆಕ್ಕ ಅದು, ಅಂಟು ಆಮೇಲೆ ಸೇರಿತು. ಎಲ್ಲಿ ಅಂಟು ಬಿಟ್ಟಿತೋ ಅಲ್ಲಿ ಬಿರುಕು. ಹಿಡಿದಿಟ್ಟ ಬಲ ಅಲ್ಲಿಂದ ಅಲೆಯಾಗಿ ಹರಡುತ್ತದೆ.

ಗ್ರಾನೈಟಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್. ಗುಂಡು 1 ಮಿಲಿಮೀಟರಿನದಾದರೆ ಅದನ್ನು ದಾಟಲು 0.2 ಮೈಕ್ರೋಸೆಕೆಂಡ್ ಸಾಕು, ಲೆಕ್ಕದಲ್ಲಿ ಸಮಯವನ್ನು ಅದಕ್ಕಿಂತ ದೊಡ್ಡ ಹೆಜ್ಜೆಯಲ್ಲಿ ಮುಂದೆ ಸರಿಸಿದರೆ ಅಲೆ ಕೈತಪ್ಪುತ್ತದೆ, ಅಂದರೆ ಒಂದೇ ಸೆಕೆಂಡಿಗೆ ಕನಿಷ್ಠ 50 ಲಕ್ಷ ಹೆಜ್ಜೆ ಲೆಕ್ಕ ಹಾಕಬೇಕು!

ನನ್ನ ಪ್ರಕಾರ ಜಾಸ್ತಿ ಜನ ಎಡವುವುದು ಡ್ಯಾಂಪಿಂಗ್, ಅಂದರೆ ಅಲುಗಾಟವನ್ನು ತಗ್ಗಿಸುವ ಅಂಶದ ಹತ್ತಿರ. ಲೆಕ್ಕ ಬೇಗ ಸ್ಥಿರವಾಗಲಿ ಅಂತ ಜೋರಾಗಿ ಡ್ಯಾಂಪಿಂಗ್ ಹಾಕಿದರೆ ಬಿರುಕೇನೋ ಬರುತ್ತದೆ, ಸದ್ದು ಮಾತ್ರ ಹುಟ್ಟಿದಲ್ಲೇ ಸತ್ತುಹೋಗುತ್ತದೆ. ತೀರಾ ಕಮ್ಮಿ ಮಾಡಿದರೆ ಒಂದು ಟಿಕ್ ಗಂಟೆಯ ಹಾಗೆ ಮೊಳಗುತ್ತಲೇ ಇದ್ದು ಮುಂದಿನ ಹತ್ತು ಟಿಕ್‌ಗಳನ್ನು ಮುಚ್ಚಿಬಿಡುತ್ತದೆ. ಸುಮ್ನೆ ಒಂದು ಅಂಕಿ ಹಾಕಿ ಮುಂದೆ ಹೋಗುವ ಜಾಗ ಅಲ್ಲ ಇದು.

ಮಾಡೆಲ್ ಸರಿಯಿದೆಯಾ ಅಂತ ನೋಡಲು ನನಗೆ ಇಷ್ಟವಾದ ದಾರಿ ಒಂದಿದೆ. ಜರ್ಮನಿಯ ಯೋಸೆಫ್ ಕೈಸರ್ 1950ರಲ್ಲಿ ಕಂಡುಕೊಂಡದ್ದು: ಒಮ್ಮೆ ಭಾರ ಹಾಕಿ ತೆಗೆದು ಮತ್ತೆ ಹಾಕಿದರೆ, ಹಳೆಯ ಭಾರ ಮುಟ್ಟುವವರೆಗೆ ವಸ್ತು ಹೆಚ್ಚುಕಮ್ಮಿ ಸುಮ್ಮನಿರುತ್ತದೆ. ಕಲ್ಲಿನಲ್ಲೂ ಇದು ಕಾಣುತ್ತದೆ. ಮಾಡೆಲ್ಲಿಗೂ ಹಾಗೇ ಎರಡು ಸಲ ಭಾರ ಹಾಕಿ. ಎರಡನೇ ಸಲ ಅರ್ಧ ಭಾರಕ್ಕೇ ಟಿಕ್ ಟಿಕ್ ಶುರುವಾದರೆ, ಎಲ್ಲೋ ತಪ್ಪಿದೆ ಅಲ್ವಾ, ಅಂಟಿನ ಲೆಕ್ಕದಿಂದ ಮತ್ತೆ ನೋಡಿಕೊಂಡು ಬನ್ನಿ.