ಕಕ್ಕಡದಲ್ಲಿ ಕಟ್ಟಿದ ರಾಕೆಟ್

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಡಗಿನವರಿಗೆ ರಾಕೆಟ್ ಎಂದರೇನೆಂದು ವಿವರಿಸುವುದು ಕಷ್ಟವಲ್ಲ. ನಮ್ಮ ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ಕದಿರು ತೆಗೆಯುವಾಗ ಕೋವಿ ಹಾರಿಸಿದವರಿಗೆ ಹೆಗಲಿಗೆ ಬೀಳುವ ಒದೆತ ಗೊತ್ತಿದೆ. ಗುಂಡು ಮುಂದಕ್ಕೆ, ಕೋವಿ ಹಿಂದಕ್ಕೆ. ಆ ಒದೆತ ಕ್ಷಣಕ್ಕೆ ಮುಗಿಯದೆ ಎರಡು ಸೆಕೆಂಡು ಎಡೆಬಿಡದೆ ಮುಂದುವರಿದರೆ, ತಡೆಯಲು ಹೆಗಲೂ ಇಲ್ಲದಿದ್ದರೆ, ಅದೇ ರಾಕೆಟ್.

ನಾನು ಕಾಫಿ ಬೆಳೆಗಾರ. ಒಂದು ಮಳೆಗಾಲವಿಡೀ ಕುಳಿತು ಕಟ್ಟಿದ ರಾಕೆಟ್ಟಿನ ಕಥೆಯನ್ನು ಇಂದು ಹೇಳುತ್ತೇನೆ. ಉದ್ದ ಸುಮಾರು ಒಂದೂವರೆ ಮೀಟರ್, ಅಗಲ 10 ಸೆಂಟಿಮೀಟರ್, ಎಂಜಿನ್ ಸೇರಿ ತೂಕ 1.6 ಕಿಲೋ. ಹವ್ಯಾಸಿಗಳು ಎಂಜಿನ್‌ಗಳನ್ನು ಎ, ಬಿ, ಸಿ ಎಂದು ಅಕ್ಷರಗಳಿಂದ ಗುರುತಿಸುತ್ತಾರೆ. ಒಂದೊಂದು ಅಕ್ಷರ ಮುಂದೆ ಹೋದಂತೆ ಒಟ್ಟು ನೂಕುಬಲದ ಮಿತಿ ಇಮ್ಮಡಿಯಾಗುತ್ತದೆ. ನೂಕುಬಲವನ್ನು ಅದು ಇರುವ ಹೊತ್ತಿನಿಂದ ಗುಣಿಸಿದ ಅಳತೆಯೇ ನ್ಯೂಟನ್-ಸೆಕೆಂಡ್; ಅದು 160 ದಾಟಿದರೆ ಎಚ್ ವರ್ಗ. ಅಧಿಕ ಶಕ್ತಿಯ ರಾಕೆಟ್‌ಗಳ ಲೋಕ ಅಲ್ಲಿಂದ ಶುರು. ನನ್ನದು ಆ ಹೊಸ್ತಿಲಲ್ಲಿತ್ತು.

ಮನೆಯಲ್ಲಿ ಕಟ್ಟಿದ್ದು ಎಂದಾಗ ಒಂದು ಮಾತನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಕಟ್ಟಿದ್ದು ಮೈಯನ್ನು ಮಾತ್ರ. ಇಂಧನವನ್ನು ಮನೆಯಲ್ಲಿ ಕಲಸಬಾರದು, ತುಂಬಬಾರದು. ನಮ್ಮಲ್ಲಿ 1884ರ ಸ್ಫೋಟಕ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ, ಏಕೆಂದರೆ ಈ ಹವ್ಯಾಸದಲ್ಲಿ ಬೆರಳು, ಕಣ್ಣು ಕಳೆದುಕೊಂಡವರು ಹೆಚ್ಚಾಗಿ ಇಂಧನ ಕಲಸಲು ಹೋದವರೇ. ಎಂಜಿನ್ ಪರವಾನಗಿ ಉಳ್ಳವರಲ್ಲಿ ತಯಾರಾಗಿ ಬಂತು, ಅದೂ ಹಾರಿಸುವ ವಾರದಲ್ಲಿ, ಬೇಕಾದ ಅನುಮತಿಗಳೆಲ್ಲ ಕೈಸೇರಿದ ಮೇಲೆ. ಬತ್ತಿಗೆ ಕಿಡಿ ಕೊಟ್ಟಿದ್ದು 30 ಮೀಟರ್ ದೂರದಿಂದ, ವಿದ್ಯುತ್ ತಂತಿಯ ಮೂಲಕ.

ಮೈಗೆ ಕಾಗದದ ದಪ್ಪ ಕೊಳವೆ, ರೆಕ್ಕೆಗಳಿಗೆ ಪ್ಲೈವುಡ್. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ ಹಳೆಯ ಬಾವಿಯೊಂದರಿಂದ ಟಿಪ್ಪು ಕಾಲದ ಮೈಸೂರು ರಾಕೆಟ್‌ಗಳು ಸಾವಿರಕ್ಕೂ ಹೆಚ್ಚು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಅವುಗಳ ಕೊಳವೆ ಕಬ್ಬಿಣದ್ದು, ಯುದ್ಧಕ್ಕೆಂದು ಮಾಡಿದ್ದು. ನಮ್ಮದು ಸಿಡಿದರೂ ಚೂರುಗಳು ಯಾರಿಗೂ ತಾಗಬಾರದು. ಅದಕ್ಕೇ ಕಾಗದ, ಅದಕ್ಕೇ ಮರ.

ಆದರೆ ಕಾಗದ ಮತ್ತು ಮರ ಕಕ್ಕಡದ, ಅಂದರೆ ನಮ್ಮ ಆಟಿ ತಿಂಗಳ, ಮಳೆಯಲ್ಲಿ ಏನಾಗುತ್ತವೆ ಎಂಬುದನ್ನು ಬಯಲುಸೀಮೆಯವರು ಊಹಿಸಲಾರರು. ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ತಿಂಗಳು ಅದು. ಸಂಜೆ ನೇರವಾಗಿ ಕತ್ತರಿಸಿಟ್ಟ ರೆಕ್ಕೆ ಬೆಳಿಗ್ಗೆ ಹಪ್ಪಳದಂತೆ ಸೊಟ್ಟಗಾಗಿರುತ್ತಿತ್ತು. ಕೊನೆಗೆ ಪ್ಲೈವುಡ್ಡನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಒಣಗಿಸಿ, ಅಲ್ಲಿಂದ ತೆಗೆದ ಕೂಡಲೇ ಎರಡೂ ಬದಿಗೆ ತೆಳುವಾಗಿ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಬಳಿದೆ. ಬಳಿಕ ಅದು ಅಲುಗಲಿಲ್ಲ.

ರಾಕೆಟ್ ನೆಟ್ಟಗೆ ಹೋಗಬೇಕಾದರೆ ಅದರ ಸಮತೂಕದ ಬಿಂದು ಮುಂದಿರಬೇಕು, ಗಾಳಿಯ ಒತ್ತಡದ ಕೇಂದ್ರ ಹಿಂದಿರಬೇಕು, ನಡುವೆ ಕೊಳವೆಯ ಅಗಲದಷ್ಟಾದರೂ ಅಂತರವಿರಬೇಕು. ನನಗೆ ಅದು 10 ಸೆಂಟಿಮೀಟರ್. ಲೆಕ್ಕಕ್ಕೆ ಜೇಮ್ಸ್ ಬ್ಯಾರೋಮನ್ 1960ರ ದಶಕದಲ್ಲಿ ಹವ್ಯಾಸಿಗಳಿಗೆ ಕೊಟ್ಟ ಸೂತ್ರಗಳಿವೆ. ಸೂತ್ರದ ಜೊತೆಗೆ ನಾನು ರಟ್ಟಿನಲ್ಲಿ ರಾಕೆಟ್ಟಿನ ಆಕಾರವನ್ನು ಕತ್ತರಿಸಿ, ಅಳತೆಪಟ್ಟಿಯ ಅಂಚಿನ ಮೇಲೆ ತೂಗಿಸಿ ನೋಡಿದೆ. ರಟ್ಟು ಎಲ್ಲಿ ಅಲುಗದೆ ನಿಲ್ಲುತ್ತದೋ ಆ ಜಾಗ ಒತ್ತಡದ ಕೇಂದ್ರಕ್ಕೆ ಒಂದು ಎಚ್ಚರಿಕೆಯ ಅಂದಾಜು. ಮೂತಿಯೊಳಗೆ ಸ್ವಲ್ಪ ಸೀಸ ಸೇರಿಸಿದ ಮೇಲೆ ಲೆಕ್ಕ ಕೂಡಿಬಂತು.

ಪ್ಯಾರಾಚೂಟಿಗೆ ಬಟ್ಟೆ ಹುಡುಕುತ್ತ ಪೇಟೆಗೆ ಹೋಗಲಿಲ್ಲ. ಕಡ್ಡಿ ಮುರಿದ ಕೊಡೆಗಳು ನಮ್ಮ ಜಗಲಿಯ ಮೂಲೆಯಲ್ಲಿ ಎಂದೂ ಇರುತ್ತವೆ. ಒಂದು ಮೀಟರ್ ಅಗಲದ ಕೊಡೆಬಟ್ಟೆ ಒಂದೂವರೆ ಕಿಲೋ ತೂಕವನ್ನು ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಇಳಿಸಬಲ್ಲದು. ಹೊಲಿಗೆಗಳನ್ನು ಎರಡೆರಡು ಬಾರಿ ಹಾಕಿದೆ.

ಜನವರಿಯಲ್ಲಿ, ಕೊಯ್ಲು ಮುಗಿದ ಮೇಲೆ, ಕುಶಾಲನಗರದ ಕಡೆಯ ಅಗಲವಾದ ಗದ್ದೆಬಯಲಿಗೆ ಹೋದೆವು. ನಮ್ಮ ಊರಿನ ಗದ್ದೆಗಳು ಎರಡು ಗುಡ್ಡಗಳ ನಡುವಿನ ಪಟ್ಟಿಗಳು; ಅಲ್ಲಿ ಹಾರಿಸಿದರೆ ಇಳಿಯುವುದು ಸಿಲ್ವರ್ ಮರದ ತುದಿಯಲ್ಲೇ. ನಿಲ್ಲಿಸುವ ಜಾಗದ ಸುತ್ತ ಒಣ ಕೂಳೆಯನ್ನು ಕಿತ್ತು ನೀರು ಚಿಮುಕಿಸಿದೆವು. ಮಂಜು ಕರಗುವವರೆಗೂ ಕಾದೆವು.

ರಾಕೆಟ್ ಎರಡು ಮೀಟರಿನ ಹಳಿಯನ್ನು ಬಿಟ್ಟು ಚಿಮ್ಮಿದಾಗ ಸದ್ದಿಗಿಂತ ಮೊದಲು ಹೊಗೆಯೇ ಕಾಣಿಸಿತು. ನೆಟ್ಟಗೆ ಹೋಯಿತು. ತುದಿ ಮುಟ್ಟಿತು, ಬಾಗಿತು. ಮೂತಿಯನ್ನು ತಳ್ಳಿ ಕೊಡೆಯನ್ನು ಹೊರಹಾಕಬೇಕಾದ ಸಿಡಿತದ ಸಣ್ಣ ಸದ್ದು ಕೇಳಿತು, ಆದರೆ ಕೊಡೆ ಬಿಚ್ಚಲಿಲ್ಲ. ಮೂತಿ ಕೆಳಗಾಗಿ, ಸಿಳ್ಳು ಹಾಕುತ್ತ, ಬಯಲಿನ ನಡುವೆ ಬಂದು ನಾಟಿಕೊಂಡಿತು.

ಗುದ್ದಲಿಯಿಂದ ಅಗೆದು ತೆಗೆದೆವು. ಕೊಳವೆ ಮಡಿಕೆ ಮಡಿಕೆಯಾಗಿ ಕುಸಿದಿತ್ತು. ಮೂತಿ ಮತ್ತು ಕೊಳವೆ ಸೇರುವ ಜಾಗಕ್ಕೆ ಕೈಯಿಟ್ಟಾಗ ಕಾರಣ ಬೆರಳಿಗೇ ತಿಳಿಯಿತು. ರೆಕ್ಕೆಗಳಿಗೆ ಬಳಿದ ಎಪಾಕ್ಸಿಯನ್ನು ಕೊಳವೆಯ ಒಳಬಾಯಿಗೆ ಬಳಿದಿರಲಿಲ್ಲ. ರಾತ್ರಿಯ ಇಬ್ಬನಿ ಕುಡಿದು ಕಾಗದ ಉಬ್ಬಿತ್ತು, ಮೂತಿ ಬಿರಡೆಯಂತೆ ಬಿಗಿದುಕೊಂಡಿತ್ತು.

ಇದನ್ನು ವಿವರವಾಗಿ ಹೇಳುತ್ತಿರುವುದು ಕೊಡಗಿನ ಮಕ್ಕಳಿಗಾಗಿ. ಪುಸ್ತಕಗಳಲ್ಲಿ ಈ ಇಬ್ಬನಿ ಇಲ್ಲ. ಹೊಸ ಕೊಳವೆಯ ಬಾಯಿಗೆ ಒಳಗೂ ಹೊರಗೂ ಎಪಾಕ್ಸಿ ಬಳಿದು, ನಯವಾದ ಮರಳುಕಾಗದದಿಂದ ಉಜ್ಜಿದೆ. ಮೂತಿಯನ್ನು ಹಿಡಿದು ಎತ್ತಿದರೆ ಮೈ ಜೊತೆಗೇ ಬರಬೇಕು, ಮೆಲ್ಲಗೆ ಕುಲುಕಿದರೆ ಕಳಚಿಕೊಳ್ಳಬೇಕು. ಹಾರಿಸುವ ದಿನ ಬೆಳಿಗ್ಗೆ, ಅದೇ ಬಯಲಿನ ಅದೇ ತೇವದಲ್ಲಿ ನಿಂತು ಈ ಪರೀಕ್ಷೆ ಮಾಡಬೇಕು.

ಫೆಬ್ರವರಿಯಲ್ಲಿ ಮತ್ತೆ ಹೋದೆವು. ಕಪ್ಪು ಕೊಡೆ ನೀಲಿ ಆಕಾಶದಲ್ಲಿ ಫಟ್ಟನೆ ಬಿಚ್ಚಿಕೊಂಡಾಗ ನನ್ನ ಗಂಟಲು ಕಟ್ಟಿತು. ಸುಮಾರು ಒಂದು ನಿಮಿಷ ತೇಲಿ, ಇನ್ನೂರು ಹೆಜ್ಜೆ ಆಚೆಯ ಬದುವಿನ ಮೇಲೆ ಇಳಿಯಿತು. ಒಳಗಿದ್ದ ಎತ್ತರಮಾಪಕ ಗಾಳಿಯ ಒತ್ತಡ ಎಷ್ಟು ಇಳಿದಿದೆ ಎಂಬುದರಿಂದ ಎತ್ತರವನ್ನು ಲೆಕ್ಕ ಹಾಕಿ, ಅಂಕಿಗಳನ್ನು ಸದ್ದಿನಲ್ಲಿ ಹೇಳುತ್ತದೆ. ಮಕ್ಕಳು ಓಡಿಹೋಗಿ ಕೊಳವೆಗೆ ಕಿವಿಯಿಟ್ಟು ಕುಳಿತರು. ಮೂರು ಬಾರಿ ಕೂಗಿತು, ನಿಂತಿತು. ಒಂದು ಬಾರಿ, ನಿಂತಿತು. ಎರಡು ಬಾರಿ. 312 ಮೀಟರ್.