ರಂಗದ ಮೇಲೆ ರಾಮನ್ ಬೆಳಕು

ಮಾನ್ಯ ಅಧ್ಯಕ್ಷರೇ, ರಂಗಾಸಕ್ತರೇ, ವಿದ್ಯಾರ್ಥಿ ಮಿತ್ರರೇ,

ವಿಜ್ಞಾನಿಯೊಬ್ಬನ ಶೋಧವನ್ನು ವಸ್ತುವಾಗಿ ಆರಿಸಿಕೊಂಡ ನಾಟಕಕ್ಕೆ ಹುಟ್ಟಿನಿಂದಲೇ ಒಂದು ತೊಡಕು ಅಂಟಿಕೊಂಡಿರುತ್ತದೆ: ಕತೆಯ ಕೊನೆ ಪ್ರೇಕ್ಷಕರಿಗೆ ಮೊದಲೇ ಗೊತ್ತು. ವಸ್ತುವಿನಲ್ಲಿ ಚದುರುವ ಬೆಳಕಿನ ಒಂದಿಷ್ಟು ಪಾಲು ಬಣ್ಣ ಬದಲಿಸುತ್ತದೆಂದು ಕಂಡುಹಿಡಿದ ಸಿ.ವಿ. ರಾಮನ್ ಅವರಿಗೆ 1930ರಲ್ಲಿ ನೊಬೆಲ್ ಪ್ರಶಸ್ತಿ ಬಂದುದನ್ನು ಪ್ರೌಢಶಾಲೆಯ ಮಕ್ಕಳೂ ಹೇಳುತ್ತಾರೆ. ಫೆಬ್ರವರಿ 28ರ ವಿಜ್ಞಾನ ದಿನದಂದು ಆ ಮಾತನ್ನು ಕೇಳದ ಶಾಲೆಯೇ ಇರಲಾರದು. ದುರ್ಯೋಧನನ ತೊಡೆ ಮುರಿಯುವುದೂ ನಮಗೆ ಗೊತ್ತಿರುವ ಸಂಗತಿಯೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲಿ ಹಾಡಿದೆ, ಗದೆಯಿದೆ, ಹಟವಿದೆ. ಪ್ರಯೋಗಶಾಲೆಯಲ್ಲಿ ಇರುವುದು ಗಾಜಿನ ಬುರುಡೆ, ಮಸೂರ ಮತ್ತು ಕತ್ತಲೆ. ಇತ್ತೀಚೆಗೆ ನಮ್ಮ ಊರಿನಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆಡಿದ ನಾಟಕವನ್ನು ನೋಡುತ್ತ ಕುಳಿತಾಗ ನನಗೆ ಎದುರಾದ ಪ್ರಶ್ನೆ ಇದೇ: ಗೊತ್ತಿರುವ ಉತ್ತರವನ್ನು ಮತ್ತೆ ಗೊತ್ತಿಲ್ಲದ್ದನ್ನಾಗಿ ಮಾಡುವುದು ರಂಗಭೂಮಿಗೆ ಸಾಧ್ಯವೇ?

ಭಾಗಶಃ ಸಾಧ್ಯವಾಯಿತು ಎಂಬುದು ನನ್ನ ಅಭಿಪ್ರಾಯ. ನಾಟಕ ತೆರೆದುಕೊಳ್ಳುವುದು 1921ರಲ್ಲಿ, ಯುರೋಪಿನಿಂದ ಮರಳುತ್ತಿದ್ದ ನರ್ಕುಂಡಾ ಹಡಗಿನ ಮೇಲೆ. ಕಡಲಿನ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಎಂದು ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆ ಹೇಳಿದ್ದರು. ರಾಮನ್ ತಮ್ಮ ಬಳಿಯಿದ್ದ ನಿಕೋಲ್ ಪಟ್ಟಕದ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹರಳು) ಮೂಲಕ ನೀರನ್ನು ನೋಡಿ, ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕನ್ನು ತಡೆದರು. ನೀಲಿ ಮಾಸಲಿಲ್ಲ, ಇನ್ನಷ್ಟು ಗಾಢವಾಯಿತು. ಬೆಳಕನ್ನು ಚದುರಿಸುತ್ತಿರುವುದು ನೀರಿನ ಅಣುಗಳೇ ಎಂದು ಅವರು ಬರೆದರು. ಈ ದೃಶ್ಯಕ್ಕೆ ತಂಡವು ಬಣ್ಣದ ಪರದೆಯನ್ನು ಇಳಿಬಿಟ್ಟಿತ್ತು. ಕಂಪನಿ ನಾಟಕಗಳ ಸೀನರಿಯನ್ನು ನೋಡಿ ಬೆಳೆದ ದಾವಣಗೆರೆಯವರಿಗೆ ಕಡಲು ಕಾಣಿಸಲು ಅಷ್ಟು ಸಾಕು. ಅಲೆಯ ಸದ್ದನ್ನು ಧ್ವನಿಮುದ್ರಿಕೆಯಲ್ಲಿ ಹಾಕುವ ಅಗತ್ಯವೇ ಇರಲಿಲ್ಲ.

ನಾಟಕ ಎಡವಿದ್ದು ಮುಂದಿನ ಏಳು ವರ್ಷಗಳ ವಿಷಯದಲ್ಲಿ. ಹಡಗಿನಿಂದ ಇಳಿದ ರಾಮನ್ ಎರಡನೆಯ ದೃಶ್ಯದಲ್ಲಿಯೇ 1928ಕ್ಕೆ ಬಂದುಬಿಟ್ಟರು. ನನ್ನ ಮಟ್ಟಿಗೆ ಶೋಧದ ನಿಜವಾದ ನಾಟಕ ಇರುವುದು ಹೀಗೆ ಬಿಟ್ಟುಹೋದ ಅವಧಿಯಲ್ಲಿ. 1923ರಲ್ಲಿ ರಾಮನ್ ಅವರ ಶಿಷ್ಯ ಕೆ.ಆರ್. ರಾಮನಾಥನ್ ಕಲ್ಕತ್ತೆಯ ಪ್ರಯೋಗಶಾಲೆಯಲ್ಲಿ ನೀರಿನ ಮೂಲಕ ಬೆಳಕನ್ನು ಹಾಯಿಸಿದಾಗ, ಚದುರಿದ ಬೆಳಕಿನಲ್ಲಿ ಇರಬಾರದ ಬಣ್ಣದ ಸುಳಿವೊಂದು ಕಾಣಿಸಿತು. ನೀರಿನಲ್ಲಿರುವ ಕಲ್ಮಶದಿಂದ ಹುಟ್ಟಿದ ಪ್ರತಿದೀಪ್ತಿ (ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಹೊರಸೂಸುವ ಹೊಳಪು) ಇರಬೇಕೆಂಬುದು ಸಹಜವಾದ ಅನುಮಾನ. ಅವರು ನೀರನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿ ಶುದ್ಧಗೊಳಿಸಿದರು. ಆ ಮಂದ ಬೆಳಕು ಹೋಗಲಿಲ್ಲ. ತೊಳೆದಷ್ಟೂ ಹೋಗದ ಕಲೆಯನ್ನು ಕಲೆಯೆಂದೇ ಕರೆಯುತ್ತಿರಬೇಕೆ, ಅದು ಬಟ್ಟೆಯದೇ ಬಣ್ಣವೆಂದು ಒಪ್ಪಿಕೊಳ್ಳಬೇಕೆ? ಈ ಅನುಮಾನ ವರ್ಷಗಳ ಕಾಲ ಬಗೆಹರಿಯದೆ ಉಳಿಯಿತು. 1928ರ ಆರಂಭದಲ್ಲಿ ಅದೇ ಪ್ರಯೋಗಶಾಲೆಯ ವೆಂಕಟೇಶ್ವರನ್ ಚೆನ್ನಾಗಿ ಶುದ್ಧಗೊಳಿಸಿದ ಗ್ಲಿಸರಿನ್‌ನಿಂದ ಹಸಿರು ಛಾಯೆಯ ಬೆಳಕು ಹೊಮ್ಮಿತು. ಅದು ಬಲವಾಗಿ ಧ್ರುವೀಕರಣಗೊಂಡಿತ್ತು, ಅಂದರೆ ಅದರ ಅಲೆಗಳು ಬಹುತೇಕ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದ್ದವು. ಸಾಧಾರಣ ಪ್ರತಿದೀಪ್ತಿ ಹಾಗೆ ವರ್ತಿಸುವುದಿಲ್ಲ. ಆಗಲೇ ರಾಮನ್ ಮತ್ತು ಅವರ ಸಹಾಯಕ ಕೆ.ಎಸ್. ಕೃಷ್ಣನ್ ಅನೇಕ ದ್ರವಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದರು.

ಆ ಪರೀಕ್ಷೆಯ ಕ್ರಮವೇ ರಂಗಕ್ಕೆ ಹೇಳಿಮಾಡಿಸಿದಂತಿದೆ. ಸೂರ್ಯನ ಬೆಳಕನ್ನು ದೂರದರ್ಶಕದಿಂದ ಒಟ್ಟುಗೂಡಿಸಿ, ನೀಲಿ-ನೇರಳೆ ಗಾಜಿನ ಮೂಲಕ ದ್ರವದೊಳಗೆ ಬಿಡಬೇಕು. ನೋಡುವವನ ಕಣ್ಣಿನ ಮುಂದೆ, ಆ ನೀಲಿಯನ್ನು ಪೂರ್ತಿ ತಡೆಯುವ ಹಳದಿ-ಹಸಿರು ಗಾಜನ್ನು ಹಿಡಿಯಬೇಕು. ಬೆಳಕಿನ ಬಣ್ಣ ದ್ರವದಲ್ಲಿ ಬದಲಾಗದಿದ್ದರೆ ಏನೂ ಕಾಣಕೂಡದು. ಆದರೂ ಕಾಣುತ್ತದೆ. ಈ ಭಾಗವನ್ನು ವಿದ್ಯಾರ್ಥಿಗಳು ಆಡಿದ ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸಭಾಂಗಣದ ದೀಪಗಳನ್ನೆಲ್ಲ ಆರಿಸಿ, ಮಾತಿಲ್ಲದೆ ಸಾಕಷ್ಟು ಹೊತ್ತು ನಮ್ಮನ್ನು ಕೂರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ಕರೆಂಟ್ ಹೋಯಿತೇ ಎಂದು ಕೇಳಿದರು, ನಾಲ್ಕಾರು ಮೊಬೈಲುಗಳು ಬೆಳಗಿದವು, ಅವೂ ಆರಿದವು. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲಷ್ಟೇ, ಮೇಜಿನ ಮೇಲೆ ಮೊದಲಿನಿಂದಲೂ ಇದ್ದ ಒಂದು ಮಸುಕು ಬೆಳಕು ನಮಗೆ ಕಂಡಿತು. ಚದುರುವ ಬೆಳಕಿನಲ್ಲಿ ಬಣ್ಣ ಬದಲಿಸುವ ಪಾಲು ಅತ್ಯಲ್ಪ; ಅದನ್ನು ಬರಿಗಣ್ಣಿನಿಂದ ಹುಡುಕುವುದೆಂದರೆ ಏನೆಂಬುದನ್ನು ಯಾವ ಸಂಭಾಷಣೆಯೂ ಇಷ್ಟು ಚೆನ್ನಾಗಿ ತಿಳಿಸಲಾರದು.

ಫೆಬ್ರವರಿ 28ರಂದು ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ಹೊಸ ಬೆಳಕು ಪ್ರತ್ಯೇಕವಾಗಿ ಕಂಡಿತು. ಮಾರ್ಚ್ 16ರಂದು ರಾಮನ್ ಅದನ್ನು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು. ಕನ್ನಡ ನಾಟಕವೊಂದು ಈ ಬೆಂಗಳೂರಿನ ಸಂಗತಿಯನ್ನು ಕೈಬಿಟ್ಟಿದ್ದು ನನಗೆ ಸೋಜಿಗವೆನಿಸಿತು.

ಸಹಾಯಕರ ಪಾತ್ರಗಳ ಬಗ್ಗೆಯೂ ಒಂದು ತಕರಾರಿದೆ. ಕೃಷ್ಣನ್ ಪಾತ್ರಧಾರಿಗೆ ಸಿಕ್ಕಿದ್ದು ಬಹುಪಾಲು "ಹೌದು ಸರ್" ಎಂಬ ಮಾತು. ಆ ಫೆಬ್ರವರಿಯ ದಿನಗಳ ವಿವರ ನಮಗೆ ಇಷ್ಟು ಸ್ಪಷ್ಟವಾಗಿ ದೊರೆತಿರುವುದೇ ಕೃಷ್ಣನ್ ಬರೆದಿಟ್ಟ ದಿನಚರಿಯಿಂದ. ನೊಬೆಲ್ ರಾಮನ್ ಒಬ್ಬರಿಗೇ ಸಂದಿತು. ಅದು ಸರಿಯೇ ತಪ್ಪೇ ಎಂಬ ವಾದ ಬೇರೆ. ನಾಟಕಕ್ಕೆ ಬೇಕಾದದ್ದು ಇಬ್ಬರು ಒಂದೇ ಗಾಜಿನೊಳಗೆ ಸರದಿಯಂತೆ ಇಣುಕಿ, ನಾನು ಕಂಡದ್ದನ್ನೇ ನೀನೂ ಕಂಡೆಯಾ ಎಂದು ಕೇಳಿಕೊಳ್ಳುವ ಗಳಿಗೆ.

ಈ ತಂಡ ಪ್ರಯೋಗವನ್ನು ಹರಿಹರ, ಜಗಳೂರು, ಚಳ್ಳಕೆರೆಯ ಶಾಲೆಗಳಿಗೂ ಒಯ್ಯಲಿ ಎಂಬುದು ನನ್ನ ಅಪೇಕ್ಷೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಚಳ್ಳಕೆರೆ ಬಳಿಯ ಕುದಾಪುರದಲ್ಲಿಯೇ ಇದೆ. ಗಾಜು, ದ್ರವಗಳ ವಿಷಯದಲ್ಲಿ ಅಲ್ಲಿನವರ ಸಲಹೆ ಕೇಳಬಹುದು. ಹಾಗೆ ಹೊರಡುವ ಮುನ್ನ ನಿರ್ದೇಶಕರಲ್ಲಿ ಒಂದು ವಿನಂತಿ: ಕೊನೆಯ ಪ್ರಶಸ್ತಿ ಸಮಾರಂಭದ ದೃಶ್ಯವನ್ನು ತೆಗೆದುಹಾಕಿ, ಅಷ್ಟೂ ಹೊತ್ತನ್ನು ರಾಮನಾಥನ್ ಅವರ ಬಟ್ಟಿ ಇಳಿಸುವ ಕೆಲಸಕ್ಕೆ ಕೊಡಿ.